ಅಪರೂಪದ ಅಡ್ಡಹೆಸರಿನ ಮೂಲ ಹುಡುಕೋದು ಹೇಗೆ?

ಉಳ್ಳಾಗಡ್ಡಿ (ಈರುಳ್ಳಿ), ಮೆಣಸಿನಕಾಯಿ ಅಂತ ಅಡ್ಡಹೆಸರು ಕೇಳಿ ಬೆಂಗಳೂರು ಕಡೆಯವರು ನಗ್ತಾರೆ, ಆದರೆ ಉತ್ತರ ಕರ್ನಾಟಕದಲ್ಲಿ ಅದೇ ಮನೆತನದ ಗುರುತು, ದಯವಿಟ್ಟು ನಾಚಿಕೊಂಡು ಬದಲಾಯಿಸಬೇಡಿ.

ಮೊದಲು ಹೆಸರನ್ನ ಬಿಡಿಸಿ ನೋಡಿ. ಕೊನೆಗೆ ಮಠ ಇದ್ದರೆ ಸಾಮಾನ್ಯವಾಗಿ ಜಂಗಮ (ವೀರಶೈವ-ಲಿಂಗಾಯತ ಪುರೋಹಿತ) ಮನೆತನ, ಪಾಟೀಲ ಕುಲಕರ್ಣಿ ದೇಸಾಯಿ ಅಂದ್ರೆ ಹಳೇ ಹುದ್ದೆ, ಊರ ಹೆಸರಿದ್ದರೆ ಹಿರಿಯರು ಅಲ್ಲಿಂದ ಬಂದಿರಬಹುದು. ಸಂಶೋಧಕ ಎಂ.ಎಂ. ಕಲಬುರ್ಗಿಯವರ ಅಡ್ಡಹೆಸರು ಕಲಬುರ್ಗಿ, ಹುಟ್ಟಿದ್ದು ಮಾತ್ರ ಸಿಂದಗಿ ತಾಲ್ಲೂಕಿನ ಯರಗಲ್‌ನಲ್ಲಿ, ಹಂಗಾಗಿ ಈಗಿರೋ ಊರನ್ನೇ ಮೂಲ ಅನ್ಕೋಬೇಡಿ. ಅರ್ಥ ಹೊಳೀದಿದ್ರೆ 1894ರ ಕಿಟೆಲ್ ಕನ್ನಡ-ಇಂಗ್ಲಿಷ್ ನಿಘಂಟು ತೆಗೀರಿ, ಈಗ ಬಳಕೇಲಿ ಇಲ್ಲದ ಎಷ್ಟೋ ಪದ ಅದರಲ್ಲಿ ಸಿಗ್ತವೆ.

ಆಮೇಲೆ ಹೆಳವರು, ಅಂದ್ರೆ ಮನೆತನಗಳ ವಂಶಾವಳಿ ಹೇಳೋರು. ಸುಗ್ಗಿ ಮುಗಿದ ಮೇಲೆ ಎತ್ತಿನ ಜೊತೆ ಗಂಟೆ ಬಾರಿಸ್ತಾ ಬಾಗಿಲಿಗೆ ಬಂದು, ನಿಮ್ಮ ಮುತ್ತಜ್ಜನ ಅಪ್ಪನ ಹೆಸರಿಂದ ಹಿಡಿದು ಯಾವ ಊರು ಬಿಟ್ಟು ಯಾವ ಊರಿಗೆ ಬಂದ್ರಿ ಅನ್ನೋತನಕ ಒಂದೇ ಉಸಿರಲ್ಲಿ ಹೇಳ್ತಾರಲ್ಲ, ಅವರು ಬಂದಾಗ ಕಾಳು ಕೊಟ್ಟು ಕಳಿಸಿಬಿಡಬೇಡಿ, ಕೂರಿಸಿ ಮೊಬೈಲಲ್ಲಿ ರೆಕಾರ್ಡ್ ಮಾಡ್ಕೊಳ್ಳಿ. ಇದಕ್ಕಿಂತ ದೊಡ್ಡ ಆಸ್ತಿ ಇಲ್ಲ ಅಂತ ನಾನು ನಂಬ್ತೀನಿ. ಅವರು ಹೇಳಿದ್ದನ್ನ ಅಜ್ಜನ ಹಳೇ ಉತಾರ (ಜಮೀನಿನ ದಾಖಲೆ), ಶಾಲೆ ದಾಖಲೆ ಜೊತೆ ತಾಳೆ ನೋಡಿ.

ನಿಮ್ಮ ಅಡ್ಡಹೆಸರಿನೋರು ಎಷ್ಟು ಜನ ಇದಾರೆ ಅಂತ ತಿಳೀಬೇಕಾ? ಸುತ್ತಲ ಊರುಗಳ ಮತದಾರರ ಪಟ್ಟಿ ಆನ್‌ಲೈನಲ್ಲಿ ಸಿಗುತ್ತೆ, ಕನ್ನಡದ್ದೇ ನೋಡಿ, ಇಂಗ್ಲಿಷಲ್ಲಿ ಒಂದೇ ಮನೇಲಿ ಅಣ್ಣಂದೊಂದು ಸ್ಪೆಲಿಂಗ್, ತಮ್ಮಂದೊಂದು ಸ್ಪೆಲಿಂಗ್ ಇರುತ್ತೆ.