ಒಮ್ಮೆಲೇ ಎರಡು ಟ್ರಿಗರ್ ಎದ್ರ ಯಾರ್ದು ಮೊದಲು?

ಕಲಬುರಗಿ ಅಪ್ಪನ ಕೆರೆ ದಂಡಿಗೆ ಕುಂತು ಮ್ಯಾಜಿಕ್ ಅನ್ನೋ ಕಾರ್ಡ್ ಆಟ ಆಡುವಾಗ, ಗೆದ್ದೆ ಅಂದ್ಕೊಂಡ ಆಟ ಸೋತೀನಿ. ನನ್ನದೂ ಗೆಳೆಯಂದೂ ಲೈಫ್ 1, ಅದು 0 ಆದ್ರ ಸೋಲು. ಇಬ್ಬರ ಮುಂದೂ ಒಂದೊಂದು ಬ್ಲಡ್ ಆರ್ಟಿಸ್ಟ್ ಕಾರ್ಡ್: ಯಾವ ಕ್ರೀಚರ್ (ಜೀವಿ ಕಾರ್ಡ್) ಸತ್ರೂ ಗುರಿ ಇಟ್ಟ ಆಟಗಾರನ 1 ಲೈಫ್ ಹೋಗ್ತದ, ಕಾರ್ಡಿನವನಿಗೆ 1 ಕೂಡ್ತದ. ನನ್ನ ಸರದಿಯೊಳಗ ನನ್ನದೇ ಒಂದು ಕ್ರೀಚರ್ ಬಲಿ ಕೊಟ್ಟೆ. ಇಬ್ಬರ ಕಾರ್ಡಿನ ಟ್ರಿಗರ್, ಅಂದ್ರ ತಾನಾಗೇ ಏಳೋ ಪರಿಣಾಮ, ಒಮ್ಮೆಲೇ ಎದ್ದವು.

ಸರದಿ ಯಾರದ್ದೋ ಅವರ ಟ್ರಿಗರ್ ಮೊದಲು ಸ್ಟ್ಯಾಕಿಗೆ (ಪರಿಣಾಮಗಳು ಒಂದರ ಮ್ಯಾಲೊಂದು ಕಾಯೋ ಜಾಗ), ಎದುರಿನವಂದು ಅದರ ಮ್ಯಾಲ. ಬುಟ್ಟ್ಯಾಗಿನ ಜ್ವಾಳದ ರೊಟ್ಟಿ ಇದ್ದಂಗ ನೋಡ್ರಿ, ಕಡೀಗೆ ಇಟ್ಟದ್ದೇ ಮೊದಲು ಕೈಗೆ ಬರ್ತದ. ಗೆಳೆಯಂದು ಮೊದಲು ನಡೀತು, ನಾನು 0. ನನ್ನದು ಕೆಳಗೇ ಉಳೀತು.

ಎರಡೂ ಟ್ರಿಗರ್ ನಿಮ್ಮವೇ ಇದ್ರ ಕ್ರಮ ನಿಮ್ಮ ಕೈಯಾಗ. ಮೊದಲು ನಡೀಬೇಕಾದ್ದನ್ನ ಕಡೀಗೆ ಇಡ್ರಿ. ಅದೇ ಬಲಿ ಅವನ ಸರದಿಯೊಳಗ ಕೊಟ್ಟಿದ್ರ ಅವನೇ ಹೋಗ್ತಿದ್ದ.