ಕೀರ್ತನೆ ಹಿಡ್ಕೊಂಡು ಅನಿಶಿನಾಬೆ ಆಕಾಶ ನೋಡೋದು ಹೇಗೆ

ಮೊದಲು ಟೈಮಿನ ವಿಷಯ. ಜನವರಿಯಲ್ಲಿ, ಅಮಾವಾಸ್ಯೆಯ ಹಿಂದೆಮುಂದೆ, ರಾತ್ರಿ ಎಂಟು ಗಂಟೆ ಹೊತ್ತಿಗೆ ಹೋಗಿ. ನಾನಿರೋದು ಕೆನಡಾದ ಥಂಡರ್ ಬೇನಲ್ಲಿ, ಸುಪೀರಿಯರ್ ಸರೋವರದ ಉತ್ತರ ದಡ, ಇಲ್ಲಿನ ಮೂಲನಿವಾಸಿಗಳಾದ ಅನಿಶಿನಾಬೆಯವರು ಈ ಸರೋವರಕ್ಕೆ ಗಿಚಿಗಾಮಿ ಅಂತಾರೆ, ದೊಡ್ಡ ನೀರು ಅಂತ ಅರ್ಥ. ಮೈನಸ್ ಇಪ್ಪತ್ತು ಚಳಿ ಇರತ್ತೆ ನಿಜ, ಆದ್ರೂ ಚಳಿಗಾಲವೇ ಯಾಕೆ ಅಂದ್ರೆ ಅವರ ಪವಿತ್ರ ಕಥೆಗಳನ್ನ ನೆಲದ ಮೇಲೆ ಹಿಮ ಇರೋವಾಗ ಮಾತ್ರ ಹೇಳ್ಬೇಕು ಅನ್ನೋದು ಅವರ ಹಿರಿಯರ ಕಟ್ಟಳೆ. ಆ ಕಟ್ಟಳೆ ಗೌರವಿಸೋದ್ರಿಂದಲೇ ಶುರು ಮಾಡೋಣ.

ಆಕಾಶ ನೋಡ್ತಾ ಓದೋ ಸತ್ಯವೇದ, ಅಂದ್ರೆ ಬೈಬಲ್, ಫೋನಲ್ಲಿ ಓದೋಕೆ ಹೋಗ್ಬೇಡಿ. ಚಳಿಗೆ ಬ್ಯಾಟರಿ ಕೈಕೊಡತ್ತೆ, ಮೇಲಾಗಿ ಆ ಬಿಳಿ ಬೆಳಕು ಕಣ್ಣಿಗೆ ಬಿದ್ರೆ ಕತ್ತಲಿಗೆ ಹೊಂದ್ಕೊಳ್ಳೋಕೆ ಮತ್ತೆ ಇಪ್ಪತ್ತು ಮೂವತ್ತು ನಿಮಿಷ ಬೇಕು. ನಾನು 8, 19, 147ನೇ ಕೀರ್ತನೆಗಳನ್ನ ಮತ್ತೆ ಯೋಬನ 38ನೇ ಅಧ್ಯಾಯನ ಒಂದು ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಬರ್ಕೊಂಡಿದೀನಿ, ಟಾರ್ಚಿಗೆ ಕೆಂಪು ಪ್ಲಾಸ್ಟಿಕ್ ಹಾಳೆ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದೀನಿ, ಅಷ್ಟು ಸಾಕು. ಗ್ಲೌಸ್ ಹಾಕ್ಕೊಂಡೇ ಹಿಡಿಯಬಹುದು.

ಈಗ ಉತ್ತರಕ್ಕೆ ತಿರುಗಿ ಧ್ರುವ ನಕ್ಷತ್ರ ಹುಡುಕಿ. ನಮ್ಮ ಬೆಂಗಳೂರಲ್ಲಿ ಅದು ದಿಗಂತದಿಂದ ಬರೀ 13 ಡಿಗ್ರಿ ಮೇಲೆ, ಕಟ್ಟಡ ಮರಗಳ ಮಧ್ಯೆ ಕಾಣೋದೇ ಕಷ್ಟ, ಇಲ್ಲಿ 48 ಡಿಗ್ರಿ, ಕತ್ತೆತ್ತಿ ನೋಡ್ಬೇಕು. ಅವರು ಇದನ್ನ ಗೀವೇದಿನ್ ಅನಂಗ್ ಅಂತಾರೆ. ಗೀವೇ ಅಂದ್ರೆ ಮನೆಗೆ ವಾಪಸ್ ಹೋಗೋದು, ಹಾಗಾಗಿ ಮನೆ ದಾರಿ ತೋರಿಸೋ ನಕ್ಷತ್ರ ಅಂತಾನೂ ಹೇಳಿಕೊಡ್ತಾರೆ. ಅದರ ಪಕ್ಕ ಈಶಾನ್ಯದಲ್ಲಿ ಸಪ್ತರ್ಷಿ ಬಾಲ ಕೆಳಗೆ ಮಾಡಿ ನಿಂತಿರತ್ತೆ. ಅವರಿಗೆ ಅದು ಒಜೀಗ್, ಫಿಶರ್ ಅನ್ನೋ ಕಾಡುಪ್ರಾಣಿ, ಉದ್ದ ಮೈ, ಪೊದೆಯಂಥ ಬಾಲ, ದೂರದಿಂದ ನೋಡಿದ್ರೆ ನಮ್ಮ ಮುಂಗುಸಿ ನೆನಪಾಗತ್ತೆ. ಬೇಸಿಗೆಯನ್ನ ಉತ್ತರದ ನಾಡಿಗೆ ತಂದುಕೊಟ್ಟವನು ಅವನು, ಅದಕ್ಕಾಗಿ ಏಟು ತಿಂದವನು. ಪೂರ್ತಿ ಕಥೆ ನಾನು ಇಲ್ಲಿ ಬರೆಯಲ್ಲ, ನೀವು ಇದನ್ನ ಮೇ ತಿಂಗಳಲ್ಲಿ ಓದ್ತಿರಬಹುದು, ಅಲ್ದೆ ಅದನ್ನ ಅವರ ಬಾಯಿಂದಲೇ ಕೇಳ್ಬೇಕು. ಇಷ್ಟು ಗಮನಿಸಿ, ನಮ್ಮೂರಲ್ಲಿ ಸಪ್ತರ್ಷಿ ಮುಳುಗತ್ತೆ, ಇಲ್ಲಿ ಒಜೀಗ್ ಮುಳುಗೋದೇ ಇಲ್ಲ, ವರ್ಷಪೂರ್ತಿ ಸುತ್ತುತ್ತಾನೇ ಇರ್ತಾನೆ.

ಆಮೇಲೆ ದಕ್ಷಿಣಕ್ಕೆ ತಿರುಗಿ. ಮೃಗಶಿರ ಇರೋ ಕಡೆ ಅವರಿಗೆ ಕಾಣೋದು ಬಿಬೂನ್‌ಕೆಯೋನಿನಿ, ಚಳಿಗಾಲ ಮಾಡೋನು. ಒಂದು ಕೈ ರೋಹಿಣಿ ತನಕ, ಇನ್ನೊಂದು ಕೈ ಪ್ರೋಸಿಯಾನ್ ಅನ್ನೋ ನಕ್ಷತ್ರದ ತನಕ ಚಾಚಿರ್ತಾನೆ, ಆಕಾಶದ ಅರ್ಧ ಅವನೇ. ಮೇಲೆ ಕೃತ್ತಿಕೆ, ಅವರ ಬುಗೋನಗೀಝಿಗ್, ಆಕಾಶದಲ್ಲಿರೋ ಕಿಂಡಿ. ಇಲ್ಲಿ ರಟ್ಟು ತೆಗೆದು ಯೋಬನ ಅಧ್ಯಾಯ ಓದಿ. ಕೃತ್ತಿಕೆಯನ್ನ ಕಟ್ಟೋಕೆ ನಿನ್ನ ಕೈಲಾಗತ್ತಾ, ಮೃಗಶಿರದ ಕಟ್ಟು ಬಿಚ್ತೀಯಾ ಅಂತ ಯೆಹೋವನು ಯೋಬನನ್ನ ಕೇಳ್ತಾನಲ್ಲ, ಅದು. ಹಾಸನದಲ್ಲಿ ಚಿಕ್ಕವಳಿದ್ದಾಗ ಇದನ್ನ ಎಷ್ಟೋ ಸಲ ಕೇಳಿದ್ದೆ, ಆದ್ರೆ ಮೂಗಿನ ತುದಿ ಮರಗಟ್ಟಿ ನಿಂತು ಆ ಚಳಿ ಮಾಡೋನನ್ನ ನೋಡ್ತಾ ಓದಿದಾಗಲೇ ನಂಗೆ ಆ ಪ್ರಶ್ನೆಯ ಭಾರ ಗೊತ್ತಾಗಿದ್ದು.

ಒಂದು ಮಾತು, ಸತ್ಯವೇದ, ಅವರ ಕಥೆ ಎರಡನ್ನೂ ಕಲಸಬೇಡಿ. ಅವರು ಮಹಾ ಚೇತನ ಅನ್ನೋ ಗಿಚಿ ಮನಿಡೂ ಅಂದ್ರೆ ಯೆಹೋವನೇ, ಅದೂ ಇದೂ ಒಂದೇ ಅಂತ ಹೇಳೋ ಅನಿಶಿನಾಬೆ ಕ್ರೈಸ್ತರಿದಾರೆ, ಅಲ್ಲ ಅನ್ನೋರೂ ಇದಾರೆ, ಅದು ಅವರು ತೀರ್ಮಾನ ಮಾಡ್ಬೇಕಾದ್ದು, ನಾವಲ್ಲ. ಕ್ಷೀರಪಥ ಅವರಿಗೆ ಜೀಬೈ ಮೀಕನ, ತೀರ್ಕೊಂಡವರು ನಡೆಯೋ ದಾರಿ, ಅದಕ್ಕೇ ಸಾವಾದ್ಮೇಲೆ ನಾಲ್ಕು ರಾತ್ರಿ ಬೆಂಕಿ ಆರದ ಹಾಗೆ ನೋಡ್ಕೋತಾರೆ. ನಾಲ್ಕು ದಿನ ಅಂದ ತಕ್ಷಣ ನಂಗೆ ಅಷ್ಟೇ ದಿನ ಸಮಾಧಿಯಲ್ಲಿದ್ದು ಯೇಸು ಎಬ್ಬಿಸಿದ ಲಾಜರ ನೆನಪಾಗ್ತಾನೆ, ಆದ್ರೆ ಅದನ್ನ ತಂದು ಇದಕ್ಕೆ ಅಂಟಿಸಲ್ಲ. ನೆನಪಾಗಿದ್ದನ್ನ ಪ್ರಾರ್ಥನೆಯಲ್ಲಿ ಇಟ್ಕೋತೀನಿ, ಅವರ ದಾರಿ ಅವರ ದಾರಿಯಾಗೇ ಇರತ್ತೆ. ಅನಿಶಿನಾಬೆ ಕ್ರೈಸ್ತರಲ್ಲಿ ಸಾವಿನ ಮನೆಯಲ್ಲಿ ರಾತ್ರಿ ಕೂತು ತಮ್ಮ ಒಜಿಬ್ವೆ ಭಾಷೆಯಲ್ಲೇ ಕ್ರೈಸ್ತ ಗೀತೆ ಹಾಡೋ ಸಂಪ್ರದಾಯ ಇದೆ, ಯಾರಾದ್ರೂ ಕರೆದ್ರೆ ಹೋಗಿ, ಸುಮ್ನೆ ಹಿಂದೆ ಕೂತ್ಕೊಳ್ಳಿ.

ನಾವು ಕ್ರೈಸ್ತರು ಇಲ್ಲಿ ಮೊದಲು ಕೇಳಿಸ್ಕೊಳ್ಬೇಕು ಅನ್ನೋಕೆ ಕಾರಣ ಇದೆ. ಚರ್ಚುಗಳು ನಡೆಸಿದ ರೆಸಿಡೆನ್ಶಿಯಲ್ ಸ್ಕೂಲುಗಳಿಗೆ ದೇಶದಾದ್ಯಂತ ಸುಮಾರು 1,50,000 ಮೂಲನಿವಾಸಿ ಮಕ್ಕಳನ್ನ ಹಾಕಿದ್ರು, ಭಾಷೆ ಆಡಿದ್ರೆ ಶಿಕ್ಷೆ, ಎಷ್ಟೋ ಕಡೆ ಮಗುವನ್ನ ಹೆಸರಿಂದ ಕರೀತಾನೇ ಇರ್ಲಿಲ್ಲ, ನಂಬರ್ ಕೊಟ್ಟಿದ್ರು. ಅವರ ಆಚರಣೆಗಳ ಮೇಲೆ ಕಾನೂನಿನ ನಿಷೇಧ 1951ರ ತನಕ ಇತ್ತು. ಯುನೈಟೆಡ್ ಚರ್ಚ್ 1986ರಲ್ಲಿ ಸಡ್‌ಬರಿಯಲ್ಲಿ ಕ್ಷಮೆ ಕೇಳ್ತು, ಪೋಪ್ ಫ್ರಾನ್ಸಿಸ್ 2022ರಲ್ಲಿ ಕೆನಡಾಕ್ಕೇ ಬಂದು ಕೇಳಿದ್ರು. ಈಗ 147ನೇ ಕೀರ್ತನೆ ತೆಗೀರಿ, ದೇವರು ನಕ್ಷತ್ರಗಳನ್ನ ಎಣಿಸಿ ಒಂದೊಂದನ್ನೂ ಹೆಸರು ಹಿಡಿದು ಕರೀತಾನೆ ಅಂತಿದೆ. ಆ ಮಕ್ಕಳನ್ನ ನೆನೆಸ್ಕೊಂಡು ಓದಿದ್ರೆ ನಂಗೆ ಇವತ್ತಿಗೂ ಗಂಟಲು ಕಟ್ಟತ್ತೆ. ಓದಿ ಆದ್ಮೇಲೆ ಹತ್ತು ನಿಮಿಷ ಏನೂ ಮಾತಾಡ್ಬೇಡಿ. ಆಮೇಲೆ ಒಂದೊಂದಾಗಿ ಜೋರಾಗಿ ಹೆಸರು ಹೇಳಿ, ಗೀವೇದಿನ್ ಅನಂಗ್, ಒಜೀಗ್, ಬಿಬೂನ್‌ಕೆಯೋನಿನಿ, ಬುಗೋನಗೀಝಿಗ್. ಉಚ್ಚಾರ ತಪ್ಪಾದ್ರೆ ಗೊತ್ತಿರೋರ ಹತ್ರ ತಿದ್ದಿಸ್ಕೊಳ್ಳಿ. ಕೊನೆಗೆ ಮೀಗ್ವೆಚ್ ಅನ್ನಿ, ಧನ್ಯವಾದ ಅಂತ.

ಹೊಗೆಸೊಪ್ಪು ಅರ್ಪಿಸೋದು ಇತ್ಯಾದಿ ನೋಡಿ ಕಲ್ತು ನೀವೇ ಮಾಡೋಕೆ ಹೋಗ್ಬೇಡಿ. ಹಿರಿಯರ ಹತ್ರ ಏನಾದ್ರೂ ಕಲಿಸಿ ಅಂತ ಕೇಳೋಕೆ ಹೋಗ್ವಾಗ ಮಾತ್ರ ಅಸೇಮಾ, ಅಂದ್ರೆ ಹೊಗೆಸೊಪ್ಪು, ಕೈಗೆ ಕೊಟ್ಟು ಕೇಳೋದು ಪದ್ಧತಿ, ಹೇಗೆ ಅಂತ ಮೊದಲೇ ಅವರ ಮನೆಯವರನ್ನ ವಿಚಾರಿಸಿ.

ಮಾರ್ಚ್ ಕೊನೆಗೆ ಮತ್ತೊಂದು ಸಲ ಹೋಗಿ. ಸಿಂಹ ರಾಶಿ, ಆಶ್ಲೇಷ ಸೇರಿಸಿ ಅವರು ನೋಡೋ ಮಿಶಿಬಿಝು, ನೀರೊಳಗಿನ ದೊಡ್ಡ ಬೆಕ್ಕು, ಆಗ ಎತ್ತರಕ್ಕೆ ಬಂದಿರತ್ತೆ. ಅದು ಮೇಲೆ ಬಂದ್ರೆ ಸರೋವರದ ಐಸ್ ನಂಬಬಾರದು ಅಂತ ಅರ್ಥ, ಕೆಳಗೆ ಕರಗಿ ತೆಳ್ಳಗಾಗಿರತ್ತೆ. ಅವತ್ತು ದಡದಲ್ಲೇ ನಿಂತು ನೋಡಿ.