ಡಾಕ್ಟರ್ ಬರೆಯದೇ ಇದ್ದದ್ದು

ನಮ್ಮಮ್ಮ ಅಕ್ಕಪಕ್ಕದವರಿಗೆ ನನ್ನ ಕೆಲಸವನ್ನು ಹೀಗೆ ವಿವರಿಸುತ್ತಾಳೆ: ‘ಅಮೆರಿಕದೋರ ಕಾಯಿಲೆಗೆ ನಂಬರ್ ಹಾಕ್ತಾಳೆ.’ ಇದಕ್ಕಿಂತ ಚೆನ್ನಾಗಿ ಹೇಳಲು ನನಗೂ ಬಂದಿಲ್ಲ. ಮೆಡಿಕಲ್ ಕೋಡಿಂಗ್ ಎಂದು ಇದರ ಹೆಸರು: ರೋಗಿಯ ಬಗ್ಗೆ ಡಾಕ್ಟರ್ ಬರೆದ ಚಾರ್ಟ್ ಓದಿ, ಇನ್ಶೂರೆನ್ಸ್ ಬಿಲ್ಲಿಗಾಗಿ ಕಾಯಿಲೆಗೂ ಚಿಕಿತ್ಸೆಗೂ ಕೋಡ್ ಹಾಕುವುದು.

ಬಿಎಸ್ಸಿ ಮುಗಿಸಿ ಮೊದಲು ಸೇರಿದ್ದು ದಾವಣಗೆರೆಯ ಒಂದು ನರ್ಸಿಂಗ್ ಹೋಂನ ಇನ್ಶೂರೆನ್ಸ್ ಡೆಸ್ಕಿಗೆ. 2018ರಲ್ಲಿ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಶುರುವಾಗಿತ್ತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಹರಪನಹಳ್ಳಿ, ಜಗಳೂರು, ಹೊಳಲ್ಕೆರೆ ಕಡೆಯಿಂದ ಬಂದವರು ರೇಷನ್ ಕಾರ್ಡ್ ಹಿಡಿದು ನನ್ನ ಟೇಬಲ್ ಮುಂದೆ ನಿಲ್ಲುತ್ತಿದ್ದರು. ಮುಂಗಡ ಒಪ್ಪಿಗೆಗೆ ಅರ್ಜಿ ಹಾಕಬೇಕು, ಚಿಕಿತ್ಸೆಗೆ ತಕ್ಕ ಪ್ಯಾಕೇಜ್ ಕೋಡ್ ಹುಡುಕಬೇಕು, ಡಿಸ್ಚಾರ್ಜ್ ಆದಮೇಲೆ ಫೈಲ್ ಕಳಿಸಬೇಕು. ಒಂದು ಎಕ್ಸ್‌ರೇ ಕಡಿಮೆಯಾದರೂ ಫೈಲ್ ವಾಪಸ್.

ಡಾಕ್ಟರು ಕೇಸ್ ಶೀಟಿನಲ್ಲಿ ಎರಡೇ ಸಾಲು ಗೀಚುತ್ತಿದ್ದರು. ನಾನು ಓಟಿ ಬಾಗಿಲಿಗೆ ಓಡಿ ಕೇಳಿದರೆ, ‘ಅದೇ ಕಣಮ್ಮ, ಗೊತ್ತಲ್ಲ, ಹಾಕ್ಕೋ’ ಎನ್ನುತ್ತಿದ್ದರು. ನಾನೂ ಹಾಕಿಕೊಳ್ಳುತ್ತಿದ್ದೆ. ಖಾಲಿ ಬಿಟ್ಟ ಜಾಗವನ್ನು ಊಹೆಯಿಂದ ತುಂಬುವುದರಲ್ಲಿ ನಾನು ಗಟ್ಟಿಗಿತ್ತಿ. ಮುಂದೆ ನನ್ನ ಕಾಲಿಗೆ ತೊಡರಿದ್ದೂ ಇದೇ ಜಾಣತನ.

ಮೆಡಿಕಲ್ ಕೋಡಿಂಗ್ ಕಲಿಯಲು ಒಂದು ಸಂಸ್ಥೆಗೆ ದುಡ್ಡು ಕಟ್ಟಿದೆ. ‘ನೂರಕ್ಕೆ ನೂರು ಕೆಲಸ ಗ್ಯಾರಂಟಿ’ ಎಂದು ಬ್ಯಾನರ್ ಇತ್ತು. ಮೂರು ತಿಂಗಳು ಅಂದವರು ಎರಡನೇ ತಿಂಗಳಿಗೇ ಕ್ಲಾಸ್ ನಿಲ್ಲಿಸಿದರು. ಕೆಲಸದ ಸುದ್ದಿಯೇ ಇಲ್ಲ. ಯಾರಾದರೂ ಗ್ಯಾರಂಟಿ ಅಂದರೆ ಈಗ ನಾನು ಸುಮ್ನೆ ನಕ್ಕು ಎದ್ದು ಬರುತ್ತೇನೆ. ಆದರೂ ಅಲ್ಲಿ ಕಲಿತ ಒಂದು ವಿಷಯ ಇವತ್ತಿಗೂ ಅನ್ನ ಹಾಕುತ್ತಿದೆ. ಪದಗಳ ಬಾಲ ಹಿಡಿಯುವುದು. ಕೊನೆಗೆ ‘ಎಕ್ಟಮಿ’ ಬಂದರೆ ಕತ್ತರಿಸಿ ತೆಗೆದದ್ದು, ‘ಆಟಮಿ’ ಬಂದರೆ ಬರೀ ಕೊಯ್ದದ್ದು, ‘ಆಸ್ಟಮಿ’ ಬಂದರೆ ದಾರಿ ಮಾಡಿದ್ದು. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನನಗೆ ಇಂಗ್ಲಿಷ್ ಭಯ ಹೋದದ್ದೇ ಇದರಿಂದ. ಇವು ಗ್ರೀಕ್ ಬೇರಿನ ಮಾತುಗಳು, ಇಂಗ್ಲಿಷಿನವರಿಗೂ ಹೊಸವೇ ಅಲ್ವಾ!

ಆಮೇಲೆ ಒಬ್ಬಳೇ ಓದಿದೆ. ಕಾಯಿಲೆಗೆ ಐಸಿಡಿ-10-ಸಿಎಂ ಪುಸ್ತಕ, ಡಾಕ್ಟರು ಮಾಡಿದ ಕೆಲಸಕ್ಕೆ ಸಿಪಿಟಿ, ಔಷಧಿ-ಸಾಮಾನಿಗೆ ಹೆಚ್‌ಸಿಪಿಸಿಎಸ್. ಮೂರೂ ಸೇರಿದರೆ ಒಂದು ಮಗುವಿನ ತೂಕ. ಅಮೆರಿಕದಲ್ಲಿ ಐಸಿಡಿ-10 ಜಾರಿಗೆ ಬಂದದ್ದು 2015ರ ಅಕ್ಟೋಬರ್ 1ಕ್ಕೆ. ಹಸು ಹಾಯ್ದರೂ ಅದರಲ್ಲಿ ಕೋಡ್ ಇದೆ, ಡಬ್ಲ್ಯೂ55.22. ನಮ್ಮ ದಾವಣಗೆರೆಯ ಮಂಡಿಪೇಟೆಯಲ್ಲಾದರೆ ವಾರಕ್ಕೊಮ್ಮೆ ಬೇಕಾಗುತ್ತಿತ್ತೇನೋ.

ಎಎಪಿಸಿ ಎಂಬ ಅಮೆರಿಕದ ಸಂಸ್ಥೆ ಕೋಡಿಂಗ್‌ನವರಿಗೆ ನಡೆಸುವ ಸಿಪಿಸಿ ಪರೀಕ್ಷೆ, ಪುಸ್ತಕ ತೆರೆದಿಟ್ಟುಕೊಂಡೇ ಬರೆಯುವಂಥದ್ದು. ಹಾಗಂತ ಸುಲಭ ಅಂದುಕೊಂಡು ಮೊದಲ ಸಲ ಫೇಲಾದೆ. 100 ಪ್ರಶ್ನೆ, 4 ಗಂಟೆ, 70 ಸರಿಯಿರಬೇಕು. ಒಂದು ಪ್ರಶ್ನೆಗೆ ಎರಡೂವರೆ ನಿಮಿಷವೂ ಸಿಗುವುದಿಲ್ಲ. ಪುಟ ತಿರುವುತ್ತಾ ಕೂತರೆ ಮುಗಿಯಿತು. ಎರಡನೇ ಸಲ ಉತ್ತರಗಳನ್ನು ಮೊದಲು ಓದಿ, ನಾಲ್ಕರಲ್ಲಿ ಎಲ್ಲಿ ವ್ಯತ್ಯಾಸ ಇದೆಯೋ ಅದನ್ನಷ್ಟೇ ಪುಸ್ತಕದಲ್ಲಿ ನೋಡಿದೆ. ಪಾಸಾದೆ. ಅನುಭವ ಇಲ್ಲದವರ ಸರ್ಟಿಫಿಕೇಟಿನಲ್ಲಿ ಸಿಪಿಸಿ ಪಕ್ಕ ಒಂದು ‘ಎ’ ಇರುತ್ತದೆ, ಅಪ್ರೆಂಟಿಸ್ ಎಂದು. ಆ ಒಂದಕ್ಷರ ನೋಡಿಯೇ ಎಷ್ಟೋ ಕಂಪನಿಯವರು ಫೋನ್ ಇಟ್ಟರು.

ಕೊನೆಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿತು. ಕೋಡಿಂಗ್‌ನವರದು ಹೆಚ್ಚಾಗಿ ಹಗಲು ಪಾಳಿ. ಕ್ಲೇಮ್ ಯಾಕೆ ತಿರಸ್ಕಾರ ಆಯಿತು ಎಂದು ಅಮೆರಿಕದ ಇನ್ಶೂರೆನ್ಸ್‌ನವರಿಗೆ ಫೋನ್ ಮಾಡುವ ಎಆರ್ ಕಾಲರ್‌ಗಳದು ರಾತ್ರಿ. ಸೇರುವ ಮೊದಲು ಇದನ್ನು ಕೇಳಿಕೊಳ್ಳಿ.

ಎರಡನೇ ವಾರವೇ ಒಂದು ಪೆಟ್ಟು ಬಿತ್ತು. ಹೆಂಗಸೊಬ್ಬರ ಚಾರ್ಟ್. ಮಾತ್ರೆಗಳ ಪಟ್ಟಿಯಲ್ಲಿ ಮೆಟ್‌ಫಾರ್ಮಿನ್ ಇತ್ತು. ಓಹೋ, ಶುಗರ್ ಎಂದು ಇ11.9 ಹಾಕಿದೆ. ನಮ್ಮ ಕೋಡ್‌ಗಳನ್ನು ತಪಾಸಣೆ ಮಾಡುವ ಆಡಿಟರ್ ಕೆಂಪು ಗೆರೆ ಎಳೆದು ಕರೆದರು. ‘ಡಯಾಬಿಟಿಸ್ ಅಂತ ಡಾಕ್ಟರ್ ಎಲ್ಲಿ ಬರೆದಿದ್ದಾರೆ, ತೋರಿಸಿ.’ ಎಲ್ಲೂ ಇರಲಿಲ್ಲ. ಆ ಮಾತ್ರೆಯನ್ನು ಪಿಸಿಓಎಸ್ ಎಂಬ ಹೆಂಗಸರ ಹಾರ್ಮೋನ್ ತೊಂದರೆಗೂ ಕೊಡುತ್ತಾರೆ. ಅಂದರೆ ಇಲ್ಲದ ಕಾಯಿಲೆಯೊಂದನ್ನು ಯಾರದೋ ದಾಖಲೆಗೆ ನಾನು ಅಂಟಿಸುತ್ತಿದ್ದೆ. ನರ್ಸಿಂಗ್ ಹೋಂನಲ್ಲಿ ಶಾಬಾಸ್‌ಗಿರಿ ತಂದಿದ್ದ ಬುದ್ಧಿ ಇಲ್ಲಿ ತಪ್ಪು.

ನಮ್ಮಲ್ಲಿ ಒಂದು ಮಾತಿದೆ, ಬರೆಯದೇ ಇದ್ದದ್ದು ನಡೆದೇ ಇಲ್ಲ. ಹೊರರೋಗಿಯ ಚಾರ್ಟಿನಲ್ಲಿ ‘ನ್ಯುಮೋನಿಯಾ ಇರಬಹುದು’ ಎಂದಿದ್ದರೆ ನ್ಯುಮೋನಿಯಾ ಕೋಡ್ ಹಾಕುವಂತಿಲ್ಲ. ಕೆಮ್ಮು, ಜ್ವರ ಅಷ್ಟೇ. ಅನುಮಾನ ಬಂದರೆ ಡಾಕ್ಟರಿಗೆ ಪ್ರಶ್ನೆ ಕಳಿಸಬಹುದು, ಆದರೆ ‘ಇದು ಶುಗರ್ ಅಲ್ವಾ’ ಎಂದು ಉತ್ತರ ಬಾಯಿಗಿಟ್ಟು ಕೇಳುವ ಹಾಗಿಲ್ಲ. ತಮಾಷೆ ಎಂದರೆ, ಕೆಲವು ಕಡೆ ನಿಯಮವೇ ನಂಟು ಕಟ್ಟುತ್ತದೆ. ಡಯಾಬಿಟಿಸ್ ಮತ್ತು ದೀರ್ಘಕಾಲದ ಕಿಡ್ನಿ ಕಾಯಿಲೆ ಎರಡನ್ನೂ ಬರೆದಿದ್ದರೆ, ಕಾರಣ ಬೇರೆ ಎಂದು ಡಾಕ್ಟರ್ ಹೇಳದ ಹೊರತು, ಎರಡಕ್ಕೂ ಸಂಬಂಧ ಇದೆ ಎಂದೇ ಲೆಕ್ಕ. ಆಗ ಹಾಕಬೇಕಾದ್ದು ಇ11.22, ಜೊತೆಗೆ ಕಿಡ್ನಿ ಕಾಯಿಲೆಯ ಹಂತಕ್ಕೆ ಎನ್18ರಲ್ಲಿ ಒಂದು ಕೋಡ್. ಎಲ್ಲಿ ಊಹಿಸಬೇಕು, ಎಲ್ಲಿ ಕೈಕಟ್ಟಿ ಕೂರಬೇಕು ಎಂಬುದು ಮೈಗೆ ಹತ್ತಲು ನನಗೆ ಒಂದು ವರ್ಷ ಬೇಕಾಯಿತು.

ಈಗ ದಾವಣಗೆರೆ ವಿದ್ಯಾನಗರದ ಮನೆಯಿಂದಲೇ ಕೆಲಸ. ರೋಗಿಗಳ ಗುಟ್ಟಿನ ವಿಷಯ ಆದ್ದರಿಂದ ರೂಮಿನ ಬಾಗಿಲು ಹಾಕಿರಬೇಕು, ಫೋನ್ ಹೊರಗಿರಬೇಕು. ಎಕ್ಸ್‌ರೇ ರಿಪೋರ್ಟಿನಂಥ ಸರಳ ಚಾರ್ಟುಗಳನ್ನು ಸಾಫ್ಟ್‌ವೇರೇ ಕೋಡ್ ಮಾಡತೊಡಗಿದೆ. ಅದಕ್ಕೇ ಹೊಸಬರಿಗೆ ನಾನು ಸರ್ಜರಿ ಕೋಡಿಂಗ್ ಕಡೆ ಹೋಗಿ ಎನ್ನುತ್ತೇನೆ.

ಪ್ರತಿ ಅಕ್ಟೋಬರ್ 1ಕ್ಕೆ ಐಸಿಡಿ ಬದಲಾಗುತ್ತದೆ, ಹೆಚ್ಚುಕಡಿಮೆ ದಸರಾ ಹೊತ್ತಿಗೇ. ಹೋದ ಸಲ ಆಯುಧ ಪೂಜೆಗೆ ಅಮ್ಮ ಲ್ಯಾಪ್‌ಟಾಪ್ ಪಕ್ಕ ನನ್ನ ಪುಸ್ತಕ ಇಟ್ಟು ಅರಿಶಿನ ಕುಂಕುಮ ಹಚ್ಚಿದಳು. ನೋಡಿದರೆ ಹಳೇ ವರ್ಷದ್ದು. ‘ಅಮ್ಮಾ, ಇದು ಇನ್ನು ನಡೆಯಲ್ಲ’ ಎಂದೆ. ‘ಇಷ್ಟು ದಿನ ಊಟ ಹಾಕಿದ್ದು ಇದೇ ತಾನೆ?’ ಎಂದು ಅದರ ಮೇಲೆ ಒಂದು ಸೇವಂತಿಗೆಯನ್ನೂ ಇಟ್ಟಳು.